ಖಾರದ ಕೈಯಿಂದ ಹಚ್ಚಿದ ಕುಂಕುಮ

…ಅಲ್ಲಲ್ಲ, ಪೆಟ್ಟಿಗಿ ನಮ್ಮನಿಗೆ ಬಂದಿದ್ದು ಸೋಮವಾರ, ನಿಮ್ಮಜ್ಜ ಹೋಗಿದ್ದು ಗುರುವಾರ. ಹಾರ್ಮೋನಿಯಂ ಪೆಟ್ಟಿಗಿ, ತಂಗಿ. ಬ್ಯಾಡಗಿಯೊಳಗ ನಮ್ಮ ಓಣಿ ಹೆಣ್ಮಕ್ಕಳದು ಒಂದು ಭಜನಿ ಬಳಗ ಇತ್ತು, ಹನ್ನೊಂದು ಮಂದಿ. ಸೋಮವಾರಕ್ಕೊಬ್ಬರ ಮನಿ. ಇಲ್ಲಿ ಭಜನಿ ಮುಗೀತಂದ್ರ ಪೆಟ್ಟಿಗಿ ಆವತ್ತೇ ಮುಂದಿನ ಪಾಳಿಯಾಕಿ ಮನಿಗೆ ಹೋಗೂದು. ಪಾಳಿಯಾಕಿ ಎಲ್ಲಾರಿಗೂ ಕುಂಕುಮ ಹಚ್ಚಬೇಕು, ಆಮ್ಯಾಲೆ ಹಾಡು. ಹಂಗ ಪೆಟ್ಟಿಗಿ ನಮ್ಮ ಪಡಸಾಲ್ಯಾಗ ಇತ್ತು, ಅಜ್ಜ ಚಾ ಕುಡಕೋತ ಕುಂತಾವ್ರು ಎದಿ ಹಿಡಕೊಂಡು ಹೋಗೇಬಿಟ್ರು. ಮೊಬೈಲ್ ಆಗಿನ್ನೂ ಒಬ್ಬಿಬ್ಬರ ಕಡೆ… ಇರ್ಲಿ, ಅದಲ್ಲ ಮಾತು.

ನನಗ ಅಳು ಬರಲಿಲ್ಲ ನೋಡು. ಮಣ್ಣು ಮಾಡಿದ್ರೂ ಬರಲಿಲ್ಲ, ದಿನಕರ್ಮ ಮುಗಿದ್ರೂ ಬರಲಿಲ್ಲ. ಊಟ ಸೇರವಲ್ದು. ಮುಂಜಾನಿಂದ ಸಂಜಿತನಕ ಮೆಣಸಿನಕಾಯಿ ತೊಟ್ಟು ಮುರಿಯೂದು, ಅಷ್ಟೇ. ನಿಮ್ಮವ್ವ ಆಗ ಕಾಲೇಜಿಗೆ ಹೋಗಾಕಿ, ಅಂಜಿಬಿಟ್ಟಿದ್ಲು. "ಯವ್ವಾ, ಒಂದ್ಸಲ ಅತ್ತರ ಅಳ ಬೇ!" ಅಂತಿದ್ಲು. ನಾ ಅಂದೆ, "ನೀಲವ್ವಕಾಕಿಗೆ ಹೇಳಿ ಬಾ, ಪೆಟ್ಟಿಗಿ ಒಯ್ಯಂತ. ಗಂಡ ಸತ್ತಾಕಿ ಕಡೆ ಯಾರು ಕುಂಕುಮ ಹಚ್ಚಿಸ್ಕೋತಾರ? ನಾ ಇನ್ನ ಬಳಗಕ್ಕ ಬರಂಗಿಲ್ಲ." ನೀಲವ್ವಕಾಕಿ ಅಂದ್ರ ಬಳಗದಾಗ ಹಿರೀಕಿ.

ದಿನಕರ್ಮ ಮುಗಿದ ಮ್ಯಾಲಿನ ಸೋಮವಾರ ಸಂಜಿಮುಂದ ಹತ್ತೂ ಮಂದಿ ತಾಳ ಹಿಡಕೊಂಡು ಬಂದ್ರು. "ಪೆಟ್ಟಿಗಿ ಒಯ್ಯಾಕ ಬಂದ್ರೇನು?" ಅಂದೆ. ಕಾಕಿ, "ಪೆಟ್ಟಿಗಿ ಇದ್ದಲ್ಲೇ ಭಜನಿ. ನಿನ್ನ ಪಾಳಿ ಇನ್ನೂ ತೀರಿಲ್ಲ, ಹಚ್ಚು" ಅಂತ ಹಣಿ ಮುಂದ ಮಾಡಿದ್ಲು. ತೊಟ್ಟು ಮುರಿಯೂದು ಬಿಟ್ಟು ಎದ್ದು ಹಚ್ಚಿದೆ. ಮುಂದಿನ ಪಾಳಿಯಾಕಿ ಗಿರಿಜಾ ಒಂಚೂರು ಹಿಂದ ಸರದ್ಲು, ಸುಳ್ಳು ಯಾಕ ಹೇಳ್ಲಿ. ಕಾಕಿ ಹೊಳ್ಳಿ ನೋಡಿದ ಮ್ಯಾಲೆ ಆಕಿನೂ ಹಣಿ ಕೊಟ್ಲು.

ಒಂದು ಹಾಡು ಅರ್ಧ ಆಗಿರಲಿಲ್ಲ, "ಅಯ್ಯಯ್ಯ, ಹಣಿ ಉರ್ಯಾಕತ್ತೇತಿ!" ಅಂತ ಗಿರಿಜಾ ಎದ್ದು ನಿಂತ್ಲು. "ನನಗ ಗೊತ್ತಿತ್ತು, ಇದು ದೇವರಿಗೆ ಸೇರಿಲ್ಲ." ನನಗ ನೆಲ ಬಾಯಿ ತೆರದ್ರ ಸಾಕು ಅನ್ನಂಗ ಆತು. ಕಾಕಿದೂ ಕಣ್ಣಾಗ ನೀರು ಸುರ್ಯಾಕತ್ತಿತ್ತು. ನನ್ನ ಕೈ ಎಳಕೊಂಡು ಮೂಸಿ ನೋಡಿ ಸೀನಿದ್ಲು. "ಏ ಗಿರಿಜಾ, ಹುಚ್ಚಿ! ದೇವರಲ್ಲ, ಮೆಣಸಿನಕಾಯಿ! ಈಕಿ ಕೈನೇ ತೊಳಕೊಂಡಿಲ್ಲ!" ಮನಿ ತುಂಬ ನಗಿ. ಬಳಗದ ಶಾಂತಕ್ಕ ಸೆರಗಿಲೆ ಹಣಿಗೆ ಗಾಳಿ ಹಾಕ್ಕೋತ ನಗ್ತಾಳ, ಗಿರಿಜಾನೂ ನಗ್ತಾಳ. ನಾನೂ ನಕ್ಕೆ. ನಕ್ಕೋತ ನಕ್ಕೋತ, ಅದೆಲ್ಲಿತ್ತೋ ಅಳು, ಬಂತು ನೋಡು. ಕೈ ಕಣ್ಣಿಗೆ ಒಯ್ಯೂದ್ರಾಗ ಕಾಕಿ ಎರಡೂ ಮುಂಗೈ ಗಟ್ಟಿ ಹಿಡದ್ಲು. "ಅಳು, ಎಷ್ಟು ಬೇಕೋ ಅಷ್ಟು ಅಳು. ಕಣ್ಣು ಮಾತ್ರ ಮುಟ್ಕೋಬ್ಯಾಡ!" ಅಂತ ತನ್ನ ಸೆರಗಿಲೆ ಒರಸಿದ್ಲು. ಶಾಂತಕ್ಕ ಅವಲಕ್ಕಿ ಕಲಸಿ ತಂದು ಬಾಯಾಗ ತುತ್ತಿಟ್ಲು. ಆವತ್ತು ಹೊಟ್ಟಿತುಂಬ ತಿಂದೆ. ಪೆಟ್ಟಿಗಿ ಗಿರಿಜಾನ ಮನಿಗೆ ಹೋತು, ಮುಂದಿನ ಸೋಮವಾರ ನಾನೂ ಹೋದೆ.

ಅದಕ್ಕ ಹೇಳತೇನಿ, ದುಃಖದಾಗಿದ್ದಾಗ ನಮ್ಮ ಕೈಗೆ ಏನ ಹತ್ತೇತಿ ಅನ್ನೂದು ನಮಗ ಖಬರ್ ಇರಂಗಿಲ್ಲ. ಕಣ್ಣು ಒರಸಾಕ ಬ್ಯಾರೆಯವರ ಕೈ ಬೇಕು. ಏಳು, ಆ ಒಣಗಿದ ಕಾಯಿ ಒಳಗ ತಾ.