ಹಾಜರಿ ಪುಸ್ತಕದಲ್ಲಿ ಸಾಲ್ಕಿನ್

...ಚಹಾ ಬೇಡ, ಬುರುಲ್. ಕೂತ್ಕೋ. ಮಗಳು ಕಾಣೆಯಾದಾಗಿಂದ, ಮೂರು ದಿನ ಆಯ್ತು, ನೀನು ಒಂದು ತುಂಡು ರೊಟ್ಟೀನೂ ಮುಟ್ಟಿಲ್ಲವಂತೆ. ಸಾಲ್ಕಿನ್ ಸಿಗ್ತಾಳೆ, ಸಿಕ್ಕೇ ಸಿಗ್ತಾಳೆ.

ನಾನು ಹೇಳ್ತಾ ಇದ್ದದ್ದು ಇಷ್ಟೇ. ಪರೀಕ್ಷೆ ದಿನ ಅವಳು ಶಾಲೆಗೆ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಅಂತ ನಾನೇ ಬರೆದಿದ್ದೀನಿ. ನಿನ್ನ ಗಂಡನಿಗೂ ಅದನ್ನೇ ಹೇಳಿದೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು... ದಾರಿಯಲ್ಲೇ ಎಲ್ಲೋ ತಪ್ಪಿಸಿಕೊಂಡಳು ಅಂತ.

ಈ ಸಾಯ್ರಾ ಎಜೆಗೆ, ನಿಮ್ಮ ಟೀಚರಕ್ಕನಿಗೆ, ಈಗಲೂ ಶಾಲೆಯದೇ ಚಿಂತೆ ಅಂದ್ಕೋತೀಯ. ಹೌದು ಕಣೇ. ಹೋದ ವರ್ಷ ಮೂರು ಮನೆಯವರು ರಷ್ಯಾಕ್ಕೆ ಹೋದರು, ಐದು ಮಕ್ಕಳು ಕಡಿಮೆಯಾದವು. ಉಳಿದದ್ದು ಹದಿನೈದು. ಹದಿನಾಲ್ಕಾದರೆ ಶಾಲೆಗೆ ಬೀಗ. ಪರೀಕ್ಷೆಯ ಅಂಕ ಇಳಿದರೂ ಬೀಗ ಅಂತ ಶಿಕ್ಷಣ ಇಲಾಖೆಯ ಅಧಿಕಾರಿ ಮುಖಕ್ಕೇ ಹೇಳಿ ಹೋದ. ಆಮೇಲೆ ಏಳು ವರ್ಷದ ಮಕ್ಕಳು ಹಿಮದಲ್ಲಿ ಕಣಿವೆ ದಾಟಿ ಪಕ್ಕದೂರಿಗೆ ಹೋಗಬೇಕು. ನೀನೂ ನನ್ನ ಹತ್ರಾನೇ ಕಲಿತವಳು, ನಿನಗೆ ಗೊತ್ತಿಲ್ಲವಾ?

ಯಾಕೆ ಹಾಗೆ ನೋಡ್ತೀಯ?

ಅವಳು ದಡ್ಡಿ ಅಂತ ನಾನು ಯಾರ ಹತ್ರಾನೂ ಅಂದಿಲ್ಲ. ಓದು ನಿಧಾನ, ಲೆಕ್ಕ ಇನ್ನೂ ನಿಧಾನ. ಆದರೆ ಛಲ ಇತ್ತು... ಇದೆ, ಛಲ ಇದೆ. ‘ಎಜೆ, ಏಳರ ಮಗ್ಗಿ ಬಂತು, ರಾತ್ರಿ ಅಮ್ಮ ಹೇಳಿಕೊಟ್ಟಳು’ ಅಂತ ಬಾಗಿಲಲ್ಲೇ ನಿಂತು ಪೂರ್ತಿ ಒಪ್ಪಿಸಿದಳು. ಒಂದೂ ತಪ್ಪಿಲ್ಲ...

ಏನು? ಯಾವತ್ತು ಅಂತಾನಾ?

ಅದು... ಹಿಂದಿನ ವಾರ ಇರಬೇಕು.

ತಲೆ ಅಲ್ಲಾಡಿಸಬೇಡ, ಬುರುಲ್. ಬೈಯಿ ಬೇಕಾದರೆ. ನೀನು ಅದನ್ನ ಕಲಿಸಿದ್ದೇ ಪರೀಕ್ಷೆಯ ಹಿಂದಿನ ರಾತ್ರಿ... ಅಲ್ವಾ?

ಬಂದಿದ್ದಳು. ಎಲ್ಲರಿಗಿಂತ ಮೊದಲೇ ಬಂದಿದ್ದಳು. ಇವತ್ತು ನಿನಗೆ ಪರೀಕ್ಷೆ ಇಲ್ಲ, ಮನೆಗೆ ಹೋಗು ಅಂದೆ. ಪಟ್ಟಿಯಲ್ಲಿ ಅವಳ ಹೆಸರು ಬೇಕಿತ್ತು, ಅವಳ ಅಂಕ ಬೇಕಿರಲಿಲ್ಲ. ಒಂದೇ ದಿನ ತಾನೆ ಅಂದ್ಕೊಂಡೆ. ಪೆನ್ಸಿಲ್ ಹಿಡ್ಕೊಂಡು ಅಂಗಳದಲ್ಲಿ ತುಂಬಾ ಹೊತ್ತು ನಿಂತಿದ್ದಳು. ಕಿಟಕಿಯಿಂದ ನೋಡಿದೆ. ಆಮೇಲೆ ಮನೆ ಕಡೆ ತಿರುಗಲಿಲ್ಲ... ಕೆಳಗೆ, ಹೆಪ್ಪುಗಟ್ಟಿದ ಹೊಳೆ ಕಡೆ ಇಳಿದಳು. ಕೂಗಬೇಕು ಅನ್ನಿಸಿತು. ಪ್ರಶ್ನೆಪತ್ರಿಕೆ ಹಂಚೋ ಹೊತ್ತಾಗಿತ್ತು, ಒಳಗೆ ತಿರುಗಿದೆ.

ಬುರುಲ್... ಗಂಡಸರು ಇನ್ನೂ ಮೇಲಿನ ಗುಡ್ಡದಲ್ಲೇ ಹುಡುಕ್ತಿದ್ದಾರಾ?