ಬಾವಿಕಟ್ಟೆಯ ಮೇಲಿಟ್ಟ ಹುಲ್ಲು

ಇದು ನಮ್ಮ ಎದುರುಮನೆಯ ಸ್ವೆರೆಗೆ ಆದದ್ದು. ಮೀನುಗಾರ, ಐವತ್ತೆಂಟು ವರ್ಷ. ಹೆಂಡ ಮುಟ್ಟುವವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಭೆ ಮುಗಿಸಿ ಅವನು ಮನೆಗೆ ಹೊರಟಾಗ ಕಗ್ಗತ್ತಲು. ನಾರ್ವೆಯ ತುತ್ತತುದಿಯ ನಮ್ಮ ಉತ್ತರದ ಕರಾವಳಿಯಲ್ಲಿ ಸೂರ್ಯ ಮುಖ ತೋರಿಸದೆ ಆಗಲೇ ಹದಿನೈದು ದಿನ. ದಾರಿ ಹಳೆಯ ವಸತಿಶಾಲೆಯ ಬಾವಿಯ ಪಕ್ಕದಲ್ಲೇ. ಸ್ವೆರೆ ತಲೆ ತಗ್ಗಿಸಿ ನಡೆಯುತ್ತಿದ್ದ. ಕಾರಣವಿತ್ತು.

ಆ ಶಾಲೆ ಹಿಮಸಾರಂಗ ಸಾಕುವ ನಮ್ಮ ಸಾಮಿ ಬುಡಕಟ್ಟಿನ ಮಕ್ಕಳನ್ನು ಮನೆಯಿಂದ ಎಳೆದುಕೊಂಡು ಹೋಗಿ, ಬಾಯಿಂದ ನಮ್ಮ ಮಾತು ಕಿತ್ತು, ನಾರ್ವೆಯವರನ್ನಾಗಿ ಮಾಡುತ್ತಿದ್ದ ಜಾಗ. ಅಲ್ಲಿ ಸತ್ತ ಮಕ್ಕಳ ಹೆಸರು ಕೊರೆದು ಬಾವಿಯ ಬಳಿ ಒಂದು ಕಲ್ಲು ನಿಲ್ಲಿಸಬೇಕೆಂದು ಸಭೆ ಸೇರಿತ್ತು. ದಾಖಲೆ ಒಂದೂ ಉಳಿದಿಲ್ಲ. ಮನೆಯವರು ಬಾಯಿಬಿಟ್ಟು ಹೇಳಿದ ಹೆಸರು ಮಾತ್ರ ಕಲ್ಲಿಗೆ. ಮರುದಿನ ಮಧ್ಯಾಹ್ನ ಪಟ್ಟಿ ಕಲ್ಲುಕುಟಿಗನ ಕೈಗೆ.

ಸ್ವೆರೆಯ ತಾಯಿ ಬೆರಿತ್ ಮುದುಕಿ ಹೊರಡುವಾಗಲೇ ಹೇಳಿದ್ದಳು. "ಎದ್ದು ನಿಂತು ನಿನ್ನ ದೊಡ್ಡಮ್ಮನ ಹೆಸರು ಹೇಳು ಮಗಾ. ಎಲ್ಲೆ ಅಂತ. ಅಷ್ಟೇ. ನಂಗೆ ಎಂಬತ್ತಾರು. ಇನ್ನೊಂದು ಕಲ್ಲು ನಿಲ್ಸೋ ಹೊತ್ತಿಗೆ ನಾನಿರಲ್ಲ."

ಸಭೆಯಲ್ಲಿ ಮೊದಲು ಬಾಯಿ ಹಾಕಿದವನು ದೋಣಿಕಟ್ಟೆ ನೋಡಿಕೊಳ್ಳುವ ಓಡ್ವಾರ್. "ಸರ್ಕಾರ ತಪ್ಪಾಯ್ತು ಅಂದಾಯ್ತಲ್ಲ. ಇನ್ನೇನು, ದಿನಾ ಕಾಲಿಗೆ ಬೀಳ್ಬೇಕಾ? ಇವತ್ತು ಕಲ್ಲು ಕೇಳ್ತಾರೆ, ನಾಳೆ ಹೊಳೆ, ನಾಡಿದ್ದು ಸಮುದ್ರ." ಜನ ನಕ್ಕರು. ಅವನು ಸ್ವೆರೆಯ ಕಡೆ ತಿರುಗಿದ. "ಏನಯ್ಯಾ, ನಿಮ್ಮಜ್ಜೀನೂ ಹಿಮಸಾರಂಗದ ಹಾಲು ಕರೀತಿದ್ಲೋ?"

"ನಮ್ಮನೆಯಿಂದ ಆ ಶಾಲೆಗೆ ಯಾರೂ ಹೋಗಿಲ್ಲ" ಅಂದ ಸ್ವೆರೆ, ಕಾಫಿ ಲೋಟ ನೋಡುತ್ತ.

ಈಗ ಬಾವಿ ಬಂತು. ಅವನ ಬೂಟು ಹಿಮದ ಮೇಲೆ ಕರ್ರ್... ಕರ್ರ್... ಬಾವಿಯ ಸರಪಳಿ ಟಿಣ್ ಅಂದಿತು. ಗಾಳಿ ಇರಲಿಲ್ಲ.

ಹಿಂದಿನಿಂದ ಪಚ್... ಪಚ್. ಒದ್ದೆ ತೊಗಲು ಹಿಮಕ್ಕೆ ಅಂಟಿ ಬಿಡುವ ಸದ್ದು. ಅದರ ಹಿಂದೆ ಇನ್ನೊಂದು ಜೊತೆ ಕಾಲು, ಸ್ವಲ್ಪ ಭಾರ. ಅವನು ನಿಂತ. ಅವೂ ನಿಂತವು... ಅರ್ಧ ಹೆಜ್ಜೆ ತಡವಾಗಿ.

"ಕಾಲು ತಣ್ಣಗಿದೆ." ಪಿಸುಮಾತು. ಚಿಕ್ಕಂದಿನಲ್ಲೇ ಬಿಟ್ಟು ಮತ್ತೆ ಅವನು ಒಮ್ಮೆಯೂ ಆಡದ ಸಾಮಿ ಮನೆಮಾತಿನಲ್ಲಿ.

"ಯಾರು?"

"ಹುಲ್ಲು ಕಿತ್ಕೊಂಡ್ಬಿಟ್ರು..."

ಅವನು ತಿರುಗಿ ನೋಡಲಿಲ್ಲ. ನೋಡಿದೆ ಎಂದು ಎಂದೂ ಹೇಳಿಲ್ಲ.

ಮನೆಯಲ್ಲಿ ತಾಯಿ ಹೆಣಿಗೆ ಹಿಡಿದು ಕೂತಿದ್ದಳು. "ಹೆಸರು ಹೇಳಿದ್ಯಾ?"

ಸ್ವೆರೆ ಬಾಗಿಲಿಗೆ ಅಗುಳಿ ಹಾಕಿದ. "ಅಮ್ಮಾ... ಬಾವಿ ಹತ್ರ ಯಾರೋ ಹುಲ್ಲು ಅಂದ್ರು."

ಹೆಣಿಗೆ ನಿಂತಿತು. "ಎಷ್ಟು ಜೊತೆ ಕಾಲು?"

"ಎರಡು."

"ಸರಿ ಹಾಗಾದ್ರೆ." ಅವಳ ದನಿ ತಗ್ಗಿತು. "ನಮ್ಮ ತೊಗಲಿನ ಬೂಟೊಳಗೆ ಅಮ್ಮ ಒಣಹುಲ್ಲು ತುಂಬಿ ಕಳಿಸ್ತಿದ್ಲು. ಶಾಲೆ ಮೇಲ್ವಿಚಾರಕಿ ಅದನ್ನ ಕಿತ್ತು ಒಲೆಗೆ ಹಾಕಿದ್ಲು. ಕೊಟ್ಟಿಗೆ ನಾತ ಅಂತೆ. ಹುಲ್ಲಿಲ್ದಿದ್ರೆ ಆ ಬೂಟಲ್ಲಿ ಕಾಲು ಮರಗಟ್ಟುತ್ತೆ. ಆ ಚಳೀಲಿ ಅಕ್ಕ ಮನೆಗೆ ಅಂತ ಓಡಿದ್ಲು. ಬಾವಿ ದಾಟ್ಲಿಲ್ಲ."

"ಇನ್ನೊಂದು ಜೊತೆ?"

"ಅವಳ ಹಿಂದೆ ಓಡಿದ ಹುಡುಗ. ಅವನೂ ಅಲ್ಲೇ ಸತ್ತ. ಯಾರ ಮನೆಯವನು ಅಂತ ಗೊತ್ತು. ನಾನು ಹೇಳಲ್ಲ. ಆ ಮನೆಯವರೇ ಹೇಳ್ಲಿ."

ಸ್ವೆರೆ ಫೋನ್ ಎತ್ತಿ ಸಭೆಯ ಅಧ್ಯಕ್ಷರಿಗೆ ಹೇಳಿದ. "ಬರ್ಕೊಳ್ಳಿ. ಎಲ್ಲೆ, ಒಂಬತ್ತು ವರ್ಷ. ನನ್ನ ದೊಡ್ಡಮ್ಮ. ಸಭೇಲಿ ನಾನು ಸುಳ್ಳು ಹೇಳಿದೆ."

ಆಮೇಲೆ ಅಟ್ಟದಿಂದ ತಾಯಿ ಹಳೆಯ ನೆನಪಿಗೆ ಕಾದಿಟ್ಟ ಹುಲ್ಲಿನ ಸಿಂಬಿ ಎರಡು ಇಳಿಸಿ, ಮತ್ತೆ ಅದೇ ಕತ್ತಲಲ್ಲಿ ಹೋಗಿ ಬಾವಿಕಟ್ಟೆಯ ಮೇಲಿಟ್ಟು ಬಂದ.

ರಾತ್ರಿ ಹೊಸ ಹಿಮ ಬಿತ್ತು.

ಬೆಳಿಗ್ಗೆ ನಾನೇ ಲಾಟೀನು ಹಿಡಿದು ಹೋಗಿ ನೋಡಿದ್ದೇನೆ. ಹುಲ್ಲು ಇರಲಿಲ್ಲ. ಬಾವಿಯಿಂದ ಎರಡು ಸಾಲು ಪುಟ್ಟ ಹೆಜ್ಜೆ, ಮೂತಿ ಮೇಲಕ್ಕೆ ಬಾಗಿದ ನಮ್ಮ ತೊಗಲಿನ ಬೂಟಿನವು. ಒಂದು ಸಾಲು ನೆಟ್ಟಗೆ ಸ್ವೆರೆಯ ಮನೆಯ ಮೆಟ್ಟಿಲವರೆಗೆ. ಅಲ್ಲಿಗೆ ಮುಗಿದಿತ್ತು. ಮರಳಿದ ಗುರುತಿಲ್ಲ.

ಇನ್ನೊಂದು ಓಡ್ವಾರನ ಮನೆಗೆ. ಅದು ಎಲ್ಲೂ ನಿಂತಿರಲಿಲ್ಲ... ಬಾಗಿಲು, ಕಿಟಕಿ, ಹಿತ್ತಿಲು, ಮತ್ತೆ ಬಾಗಿಲು. ಸುತ್ತಿ ಸುತ್ತಿ ಹಿಮ ಗಟ್ಟಿಯಾಗಿತ್ತು.

ಓಡ್ವಾರನಿಗೆ ಹಿಮ ತೆಗೆಯುವ ಯಂತ್ರವಿದೆ. ಆದರೂ ಅವನು ಮಲಗುವ ಬಟ್ಟೆಯಲ್ಲೇ, ಅಡಿಗೆಮನೆ ಪೊರಕೆ ಹಿಡಿದು ಆ ಹೆಜ್ಜೆಗಳನ್ನು ಗುಡಿಸುತ್ತಿದ್ದ. ಸರಕ್... ಸರಕ್... ನನ್ನನ್ನು ನೋಡಿದ. ಮತ್ತೆ ಗುಡಿಸತೊಡಗಿದ.

ಮಧ್ಯಾಹ್ನ ಪಟ್ಟಿ ಹೋಯಿತು. ಎಲ್ಲೆಯ ಹೆಸರು ಕಲ್ಲಿನ ಮೇಲಿದೆ, ಯಾರು ಬೇಕಾದರೂ ಓದಬಹುದು. ಹುಡುಗನ ಹೆಸರು ಯಾರೂ ಕೊಡಲಿಲ್ಲ.

ಇದಾಗಿ ಮೂರು ಚಳಿಗಾಲ ಕಳೆದವು. ಹೊಸ ಹಿಮ ಬಿದ್ದ ಬೆಳಿಗ್ಗೆ, ಊರು ಏಳುವ ಮೊದಲು, ಆ ಪೊರಕೆಯ ಸದ್ದು ಇಂದಿಗೂ ನನ್ನ ಕಿಟಕಿಗೆ ಕೇಳುತ್ತದೆ.