ರಾಣಿಗೆ ಕಟ್ಟಿದ ಬೆಲ್ಟು

ಬಂಗಾರಪೇಟೆಯ ಪಶು ಆಸ್ಪತ್ರೆಯ ಮುಂದೆ ಕಾಯುತ್ತಿದ್ದೆ. ಚುಚ್ಚುಮದ್ದು ಹಾಕಿಸಿಕೊಂಡ ನಾಯಿಯನ್ನು ಒಬ್ಬಾಕೆ ಕಾರಿಗೆ ಹತ್ತಿಸುತ್ತಿದ್ದಳು. ಕರು ಹಿಡಿದು ನಿಂತಿದ್ದ ವಯಸ್ಸಾದ ರೈತರೊಬ್ಬರು ಒಳಗೆ ಇಣುಕಿದರು.

"ಸೀಟಿಗೆ ಬೆಡ್‌ಶೀಟ್ ಯಾಕಮ್ಮಾ ಆಕಿದೀಯ?"

"ರಾಣಿ ಕೂದಲು ಉದುರಿಸ್ತಾಳೆ ಅಂಕಲ್. ಮನೆಗೆ ಹೋಗಿ ಒದರಿದ್ರೆ ಕಾರು ಕ್ಲೀನು."

"ಈ ತೊಗಲಿನ ಬೆಲ್ಟು?"

"ಬ್ರೇಕ್ ಹಾಕಿದ್ರೆ ಮುಂದಕ್ಕೆ ಬೀಳ್ತಾಳೆ, ಅದಕ್ಕೇ ಕಟ್ಟೋದು. ಊರಿಗಾಂ ಗಣಿ ಹತ್ರದ ಗುಜರಿ ಅಂಗಡೀಲಿ ಸಿಕ್ತು. ಹಳೇದು, ತಡ್ಕೊಳ್ಳುತ್ತೋ ಇಲ್ವೋ."

ಅವರು ಅದರ ಹಿತ್ತಾಳೆ ಬಕಲನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಇಂಥದ್ದೇ ನಮ್ಮಪ್ಪ ಚಿನ್ನದ ಗಣೀಲಿ ಸೊಂಟಕ್ಕೆ ಕಟ್ಕೊಂತಿದ್ರು. ಒಂದಿನ ಕಾಲ್ ಕೆಳಗಿನ ಮರದ ಹಲಗೆ ಮುರಿದೋಯ್ತು. ಕೆಳಗೆ ಬರೀ ಕತ್ಲು. ಮೇಲಿನೋರು ಎಳ್ಕೊಳ್ಳೋಗಂಟ ಅಗ್ಗಕ್ಕೆ ಸಿಗಾಕಿದ್ದ ಬೆಲ್ಟೇ ಅವರ್ನ ಇಡ್ಕೊಂಡಿತ್ತು."

"ಅಯ್ಯೋ! ಉಳ್ಕೊಂಡ್ರಾ?"

"ಅವರ ಮದ್ವೆ ಆಗಿದ್ದೇ ಅದಾದ್ಮೇಲೆ ಕಣಮ್ಮಾ. ಇಲ್ದಿದ್ರೆ ನಾನೆಲ್ಲಿ ಇರ್ತಿದ್ದೆ?"

ಆಕೆ ನಾಯಿಯ ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿ, ತನ್ನದನ್ನೂ ಹಾಕಿಕೊಂಡು ಹೊರಟಳು.

ಕಾರು ಗೇಟು ದಾಟುವಾಗ ರೈತರು ಆ ಬೆಲ್ಟಿನತ್ತ ಕೈ ಮುಗಿದರು. ಹಿಂದಿನ ಸೀಟಿನಿಂದ ರಾಣಿ ಅವರನ್ನೇ ನೋಡುತ್ತಿದ್ದಳು.